ಕೈಗಡಿಯಾರ ಕಟ್ಟಿಕೊಂಡು ಕಬಡ್ಡಿ ಆಡಿದವರು

ಹೇಳಿದಷ್ಟು ಕೆಲಸ ಮಾಡಿ ಸುಮ್ಮನೆ ಕೂರುವ ಯಂತ್ರವೇ ಒಳ್ಳೆಯ ಯಂತ್ರ ಎಂಬುದು ನನ್ನ ಖಚಿತ ಅಭಿಪ್ರಾಯ. ಗದಗಿನ ಒಂದು ಮುದ್ರಣಾಲಯದಲ್ಲಿ ಲಗ್ನಪತ್ರಿಕೆ, ಕರಪತ್ರ, ಅಂಗಡಿಗಳ ಬಿಲ್ಲುಪುಸ್ತಕಕ್ಕೆ ಅಕ್ಷರ ಜೋಡಿಸುತ್ತ ನನ್ನ ಅರ್ಧ ಆಯುಷ್ಯ ಕಳೆದಿದೆ. ನನ್ನ ಮುಂದಿರುವ ಕಂಪ್ಯೂಟರು ಹಳೆಯದು. ಅದಕ್ಕೆ ಇಂಟರ್ನೆಟ್ ಇಲ್ಲ, ಕೊಡಿಸಲು ನಾನು ಬಿಟ್ಟೂ ಇಲ್ಲ. ಹೊಸ ಸಾಫ್ಟ್‌ವೇರ್ ಹಾಕಿಕೊಡುತ್ತೇನೆಂದು ಬಂದವರಿಗೆ ಚಹಾ ಕುಡಿಸಿ ಕಳಿಸುತ್ತೇನೆ. ಪಕ್ಕದ ಅಂಗಡಿಯವರು ಹಾಗೆ ಹಾಕಿಸಿಕೊಂಡ ದಿನವೇ ಅವರ ಒತ್ತಕ್ಷರಗಳೆಲ್ಲ ಚೌಕಾಕಾರದ ಡಬ್ಬಿಗಳಾಗಿ, ಲಗ್ನಪತ್ರಿಕೆಯಲ್ಲಿ ಮದುಮಗನ ಹೆಸರೇ ಓದಲು ಬಾರದಂತಾಗಿತ್ತು.

ನನ್ನ ಗಂಡನದು ಇದಕ್ಕೆ ಪೂರಾ ಉಲ್ಟಾ. ಹೊಸದು ಏನೇ ಬರಲಿ, ಅವರಿಗೆ ಬೇಕು. ಕಬಡ್ಡಿಯ ವಿಷಯದಲ್ಲೂ ಹಾಗೆಯೇ. ಪ್ರಾಯದಲ್ಲಿ ಅವರು ರೈಡಿಗೆ ಹೊರಟರೆ ಮುಂಡರಗಿ, ಶಿರಹಟ್ಟಿ ಕಡೆಯ ಊರುಗಳಲ್ಲಿ ಕೂತ ಜನ ಎದ್ದು ನಿಲ್ಲುತ್ತಿದ್ದರು. ಅಂಥವರು ಈಗ ಟಿವಿ ಕಬಡ್ಡಿಗೆ ಮರುಳಾಗಿದ್ದಾರೆ. ಬಣ್ಣದ ದೀಪ, ಮ್ಯಾಟು, ಬೂಟು, ಒಂದೊಂದು ಹಿಡಿತವನ್ನೂ ನಾಲ್ಕು ದಿಕ್ಕಿನಿಂದ ತಿರುಗಿಸಿ ತೋರಿಸುವ ಕ್ಯಾಮೆರಾ, ಎಲ್ಲವೂ ಅವರಿಗೆ ಹಬ್ಬ. ಮೈಗೆ ಮಣ್ಣು ಹತ್ತದ ಕಬಡ್ಡಿಯನ್ನು ನಾನು ಕಬಡ್ಡಿ ಎನ್ನುವುದಿಲ್ಲ. ಮೊಬೈಲಿನಲ್ಲಿ ತಂಡ ಕಟ್ಟಿಕೊಂಡು ಆಡುವವರ ಮಾತಂತೂ ನನ್ನ ಮುಂದೆ ಎತ್ತಲೇಬಾರದು. ಅವರು ಆಟ ನೋಡುವುದಿಲ್ಲ, ತಮ್ಮ ಪಾಯಿಂಟು ನೋಡುತ್ತಾರೆ. ಈ ವಿಷಯಕ್ಕೆ ನಾವಿಬ್ಬರೂ ಆಡಿದ ಜಗಳಗಳು ಬೆಟಗೇರಿಯ ನಮ್ಮ ಓಣಿಗೆಲ್ಲ ಬಾಯಿಪಾಠವಾಗಿವೆ.

ಹೋದ ವರ್ಷ ಅವರಿಗೆ ಎದೆನೋವು ಬಂದು ಸ್ಟೆಂಟ್ ಹಾಕಿಸಿದೆವು. ದಿನಾ ನಡೆಯಿರಿ, ಆದರೆ ಕಬಡ್ಡಿ ಅಂಗಳಕ್ಕೆ ಮಾತ್ರ ಇಳಿಯಬೇಡಿ ಎಂದು ವೈದ್ಯರು ಹೇಳಿ ಕಳಿಸಿದರು. ಹುಬ್ಬಳ್ಳಿಯಲ್ಲಿ ಶಾಲಾ ಶಿಕ್ಷಕಿಯಾಗಿರುವ ನಮ್ಮ ಮಗಳು ಒಂದು ಸ್ಮಾರ್ಟ್ ವಾಚ್ ತಂದು ಅಪ್ಪನ ಕೈಗೆ ಕಟ್ಟಿದಳು. ಅದು ನಾಡಿ ಎಣಿಸುತ್ತದೆ. ಆ ಎಣಿಕೆ ಅವಳ ಮೊಬೈಲಿನಲ್ಲೂ ನನ್ನ ಮೊಬೈಲಿನಲ್ಲೂ ಕಾಣುತ್ತದೆ. ಅವರು ಎಲ್ಲಾದರೂ ಬಿದ್ದರೆ ನಮ್ಮಿಬ್ಬರಿಗೂ ತಾನಾಗಿ ಸುದ್ದಿ ಮುಟ್ಟಿಸುತ್ತದೆ. ಯಾವ ಕಾರಣಕ್ಕೂ ಬಿಚ್ಚುವುದಿಲ್ಲ ಎಂದು ಅಪ್ಪನಿಂದ ಮಾತು ತೆಗೆದುಕೊಂಡಳು. ಕಟ್ಟಿಕೊಂಡ ಗಂಡನ ನಾಡಿಯನ್ನು ಮೊಬೈಲಿನಲ್ಲಿ ನೋಡುವ ಹಣೆಬರಹ ನನಗೆ ಬೇಡ ಎಂದು ನಾನು ಅದನ್ನು ಒಮ್ಮೆಯೂ ತೆರೆದಿರಲಿಲ್ಲ.

ಆ ಭಾನುವಾರ ನಾವಿಬ್ಬರೂ ಲಕ್ಷ್ಮೇಶ್ವರದಲ್ಲಿ ನನ್ನ ತಂಗಿಯ ಮನೆಗೆ ಹೋಗಿದ್ದೆವು. ಹತ್ತಿರದ ಶಿಗ್ಲಿಯಲ್ಲಿ ಹಳೆಯ ಗೆಳೆಯನನ್ನು ಮಾತಾಡಿಸಿ ಊಟದ ಹೊತ್ತಿಗೆ ಬರುತ್ತೇನೆ ಎಂದು ಅವರು ಗಾಡಿ ಹತ್ತಿ ಹೋದರು. ನಾನು ಬದನೆಕಾಯಿಗೆ ಮಸಾಲೆ ತುಂಬುತ್ತ ಕೂತಿದ್ದೆ. ನನ್ನ ಮೊಬೈಲು ಹಿಂದೆಂದೂ ಕೂಗದ ದನಿಯಲ್ಲಿ ಕೂಗಿತು. ಅವರು ಜೋರಾಗಿ ಬಿದ್ದಿದ್ದಾರೆ ಎಂಬ ಸಾಲು, ಕೆಳಗೆ ನಕಾಶೆಯಲ್ಲಿ ಶಿಗ್ಲಿಯ ಮೇಲೊಂದು ಕೆಂಪು ಚುಕ್ಕೆ. ಮಸಾಲೆಯ ಕೈಯಲ್ಲೇ ಅವರಿಗೆ ಫೋನ್ ಮಾಡಿದೆ. ರಿಂಗಾಯಿತು, ಎತ್ತಲಿಲ್ಲ. ಮತ್ತೆ ಮಾಡಿದೆ, ಎತ್ತಲಿಲ್ಲ. ಅಷ್ಟರಲ್ಲಿ ಮಗಳದೇ ಫೋನು ಬಂತು.

"ಅವ್ವಾ, ಅಪ್ಪ ಫೋನ್ ಎತ್ತವಲ್ಲ," ಎಂದಳು. ಆ ದನಿ ಕೇಳಿ ನಾನು ಕೈಯನ್ನೂ ತೊಳೆಯದೆ ಹೊರಬಾಗಿಲಿಗೆ ಬಂದೆ.

ತಂಗಿ ಒಲೆ ಆರಿಸಿ ಸ್ಕೂಟಿ ತೆಗೆದಳು. ನಾನು ಹಿಂದೆ ಕೂತು ಆ ನಾಡಿಯ ಪುಟವನ್ನು ಮೊದಲ ಸಲ ತೆರೆದೆ. ಸಂಖ್ಯೆ ಕಾಣಿಸಿತು. ಬಹಳ ಮೇಲಿತ್ತು, ಏರುತ್ತ ಇಳಿಯುತ್ತ ಇತ್ತು. ಅದು ಬದಲಾಗುತ್ತಿರುವ ತನಕ ಅವರು ಇದ್ದಾರೆ ಎಂದು ಲೆಕ್ಕ ಹಾಕಿಕೊಂಡೆ. ರಸ್ತೆ ಕಾಣಲಿಲ್ಲ, ತಗ್ಗುದಿನ್ನೆ ಕಾಣಲಿಲ್ಲ. ಗಟ್ಟಿಯಾಗಿ ಹಿಡಿದುಕೋ ಎಂದು ತಂಗಿ ಕೂಗುತ್ತಲೇ ಇದ್ದಳು. ವರ್ಷವಿಡೀ ಬೈದ ಯಂತ್ರಕ್ಕೆ ಆ ದಾರಿಯುದ್ದಕ್ಕೂ ನಾನು ಕೈ ಮುಗಿಯುವುದೊಂದು ಬಾಕಿ.

ಶಿಗ್ಲಿ ಇನ್ನೇನು ಬಂತು ಎನ್ನುವಾಗ ಸಂಖ್ಯೆ ಹೋಯಿತು. ಆ ಜಾಗದಲ್ಲಿ ಎರಡು ಸಣ್ಣ ಗೆರೆಗಳು ಉಳಿದವು. ನಾನು ತಂಗಿಗೆ ಹೇಳಲಿಲ್ಲ. ಹೇಳಿದರೆ ಖರೆ ಆಗಿಬಿಡುತ್ತದೆ ಎನಿಸಿತು. ನನಗೆ ಜೀವಮಾನದಲ್ಲಿ ಅಷ್ಟು ಹೆದರಿಕೆ ಆಗಿರಲಿಲ್ಲ.

ಕೆಂಪು ಚುಕ್ಕೆ ಇದ್ದದ್ದು ಒಂದು ಶಾಲೆಯ ಮೈದಾನದಲ್ಲಿ. ಹುಡುಗಿಯರು ಗುಂಪುಗಟ್ಟಿ ನಿಂತಿದ್ದರು. ನಾನು ಮೊದಲು ನೋಡಿದ್ದು ಅವರ ಮುಖಗಳನ್ನು. ಯಾರೂ ಅಳುತ್ತಿರಲಿಲ್ಲ. ಗುಂಪಿನ ನಡುವೆ ನನ್ನ ಗಂಡ ಬನಿಯನ್ನಿನಲ್ಲಿ, ಪ್ಯಾಂಟು ಮೊಣಕಾಲಿಗೆ ಮಡಚಿ, ತಲೆಯಿಂದ ಪಾದದ ತನಕ ಮಣ್ಣು ಮೆತ್ತಿಕೊಂಡು, ಎದುರಾಳಿಯ ಕಾಲಿನ ಹರಡು ಹೇಗೆ ಹಿಡಿಯಬೇಕು ಎಂದು ಕೈಯಾಡಿಸಿ ಹೇಳುತ್ತಿದ್ದರು. ಗೆರೆಯ ಆಚೆ ಅವರ ಅಂಗಿ, ಅಂಗಿಯ ಜೇಬಿನಲ್ಲಿ ಮೊಬೈಲು, ಅಂಗಿಯ ಮೇಲೆ ಆ ವಾಚು. ನಾನು ನಿಂತಲ್ಲೇ ನೆಲಕ್ಕೆ ಕೂತುಬಿಟ್ಟೆ. ಸಮಾಧಾನಕ್ಕೆ ಅಷ್ಟು ಭಾರವಿರುತ್ತದೆ ಎಂದು ಗೊತ್ತಿರಲಿಲ್ಲ.

ಆದದ್ದು ಇಷ್ಟೇ. ಗೆಳೆಯ ಊರಿನ ಹುಡುಗಿಯರಿಗೆ ಕಬಡ್ಡಿ ಕಲಿಸುತ್ತಿದ್ದಾನೆ. ನಾಲ್ಕು ಮಾತು ಹೇಳಿ ಹೋಗು ಎಂದು ಕರೆದಿದ್ದ. ಇವರಿಗೆ ಬಾಯಿಂದ ಹೇಳಿ ಸಾಕಾಗಲಿಲ್ಲ, ಒಂದೇ ರೈಡು ಎಂದು ಇಳಿದರು. ಎರಡು ಜಡೆಯ ಒಂದು ಬಡಕಲು ಹುಡುಗಿ ಅವರ ಹರಡಿಗೆ ಕೈ ಹಾಕಿದಳು, ಮಿಕ್ಕವರು ಮೇಲೆ ಬಿದ್ದರು. ಕಬಡ್ಡಿ ಎಂದರೇನೆಂದೇ ತಿಳಿಯದವರು ಮಾಡಿದ ವಾಚು, ಮನುಷ್ಯ ಕುಸಿದು ಬಿದ್ದ ಎಂದು ನಮಗೆ ಡಂಗುರ ಸಾರಿತು. ಆಮೇಲೂ ಅದನ್ನು ಕಟ್ಟಿಕೊಂಡೇ ಹಿಡಿತ ತೋರಿಸುತ್ತಿದ್ದವರು, ಅದು ಒಬ್ಬ ಹುಡುಗಿಯ ಮೊಣಕೈಗೆ ತರಚಿದ ಮೇಲೆ ಬಿಚ್ಚಿ ಇಟ್ಟಿದ್ದರು. ನನ್ನ ಮೊಬೈಲಿನಲ್ಲಿ ಸಂಖ್ಯೆ ಹೋದದ್ದು ಆಗಲೇ.

"ಡಾಕ್ಟರ್ ಏನ್ ಹೇಳಿದ್ರು, ನೆನಪೈತೇನ್ರಿ?" ಎಂದೆ.

"ಮಗಳು ಬಿಚ್ಚಬ್ಯಾಡ ಅಂದಿದ್ಳು. ಅದಕ್ಕ ಕಟ್ಕೊಂಡ ಆಡೀನಿ," ಎಂದರು, ದೊಡ್ಡ ಆಜ್ಞಾಧಾರಕರಂತೆ.

ಹುಡುಗಿಯರ ಮುಂದೆಯೇ ಬೈದೆ. ಮಣ್ಣು ಮಣ್ಣಾಗಿದ್ದ ಅವರ ಮಣಿಕಟ್ಟು ಹಿಡಿದುಕೊಂಡೇ ಬೈದೆ, ನಾಡಿ ಓಡುತ್ತಿದ್ದದ್ದು ನನ್ನ ಬೆರಳಿಗೆ ತಾಗುತ್ತಿತ್ತು. ಮರುದಿನ ಗದಗಿನಲ್ಲಿ ವೈದ್ಯರು ನೋಡಿ ಏನೂ ಆಗಿಲ್ಲ ಎಂದರು. ಬೈಯುವುದರಲ್ಲಿ ಆ ವೈದ್ಯರು ನನಗಿಂತ ಪಳಗಿದವರು. ವಾಚಿನ ಬಗ್ಗೆ ನಾನೀಗ ಅಷ್ಟಾಗಿ ಮಾತಾಡುವುದಿಲ್ಲ. ಅದು ಸುಳ್ಳು ಹೇಳಿ ನನ್ನ ಜೀವ ತೆಗೆಯಿತು, ನಿಜ. ಆದರೆ ಅರ್ಧ ದಾರಿ ನನ್ನ ಜೀವ ಹಿಡಿದದ್ದೂ ಅದೇ.

ಅಂದು ಬೈದು ಮುಗಿಸಿದ ಮೇಲೆ ಮೈದಾನದಲ್ಲಿ ಕೂತೇ ಮಗಳಿಗೆ ಫೋನ್ ಮಾಡಿದೆ. "ನಿಮ್ಮಪ್ಪ ಆರಾಮ ಅದಾರ. ಬಿದ್ದಿಲ್ಲ, ಕಬಡ್ಡಿಯೊಳಗ ಹುಡುಗ್ಯಾರು ಹಿಡದಾರ," ಎಂದೆ.

ಈಗ ಕಿರುಚುತ್ತಾಳೆ, ಅಪ್ಪನಿಗೆ ಕೊಡು ಎನ್ನುತ್ತಾಳೆ ಎಂದು ಕಾದೆ. ಆ ಕಡೆಯಿಂದ ಮೂಗೆಳೆದುಕೊಂಡ ಸಪ್ಪಳ ಕೇಳಿತು.

"ಅವ್ವಾ, ಹಿಡದಾಗ ಅಪ್ಪ ನಡುಗೆರಿ ಮುಟ್ಟಿದ್ನೇನು?"

ನಾನು ತಿರುಗಿ ಅವರನ್ನು ಕೇಳಿದೆ. ಅವರು ಎರಡು ಜಡೆಯ ಹುಡುಗಿಯನ್ನು ಒಮ್ಮೆ ನೋಡಿ, ಹೆಬ್ಬೆರಳು ಕಿರುಬೆರಳು ಅಗಲಿಸಿ ಒಂದು ಗೇಣು ತೋರಿಸಿದರು. ಗೆರೆ ಮುಟ್ಟಲು ಒಂದು ಗೇಣು ಉಳಿದಿತ್ತಂತೆ ಎಂದು ಮಗಳಿಗೆ ಹೇಳಿದೆ.

"ಹಂಗಾರ ಔಟ್ ಅದಾನ," ಎಂದಳು. ಎಂದವಳೇ ಬಿಕ್ಕಿ ಬಿಕ್ಕಿ ಅಳತೊಡಗಿದಳು. ಅವರ ಕೈಯೆಲ್ಲ ಮಣ್ಣಾಗಿತ್ತು, ಫೋನನ್ನು ನಾನೇ ಅವರ ಕಿವಿಗೆ ಹಿಡಿದೆ.