ಕೆಂಜಿಗ ಕಚ್ಚಿದ್ದಕ್ಕೆ ಕೊಟ್ಟ ಮಾತ್ರೆ

ಇಂಥ ಸಂಗತಿ ಹೇಳುವವರನ್ನು ಕಂಡರೆ ನನಗೆ ಒಳಗೊಳಗೇ ನಗು ಬರುತ್ತಿತ್ತು. ಹಾನುಬಾಳಿನಲ್ಲಿ ಮೆಡಿಕಲ್ ಸ್ಟೋರ್ ಇಟ್ಟವಳು ನಾನು. ಗಾಳಿ ಸೋಕಿದೆ ಎಂದು ಬಂದವರನ್ನು ಮೊದಲು ಜ್ವರ ತೋರಿಸಿ ಎಂದು ಸಕಲೇಶಪುರದ ಬಸ್ಸು ಹತ್ತಿಸುತ್ತಿದ್ದೆ. ಈಗ ನೀವು ನಕ್ಕರೆ ನನಗೇನೂ ಬೇಸರವಿಲ್ಲ.

ಅಪ್ಪ ಮೂವತ್ತು ವರ್ಷ ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದವರು. ಅಮ್ಮ ತೀರಿಕೊಂಡ ಮೇಲೆ ಅವರಿಗೆ ಮರೆವಿನ ಕಾಯಿಲೆ ಹಿಡಿಯಿತು. ಮನೆಮಾತು ಕೊಂಕಣಿ ಬಿಟ್ಟು ಎಸ್ಟೇಟಿನ ಕನ್ನಡಕ್ಕೇ ಅಂಟಿಕೊಂಡರು. ನನ್ನನ್ನು ಧಣಿಗಳ ಹೆಂಡತಿ ಎಂದು ತಿಳಿದು ಅಮ್ಮಾವ್ರೇ ಎನ್ನುತ್ತ, ಊಟ ತಂದಾಗಲೆಲ್ಲ ಎದ್ದು ಕೈಕಟ್ಟಿ ನಿಲ್ಲುತ್ತಿದ್ದರು. ಒಂದೇ ಒಂದು ಸಲ ಲಿಲ್ಲಿ ಎಂದು ಕರೆಯಲಿ ಎಂದು ಎರಡು ವರ್ಷ ಕಾದೆ.

ಡಾಕ್ಟರು ನೆನಪಿನ ಮಾತ್ರೆ ಕೊಟ್ಟಿದ್ದರು. ಮಿದುಳಿನಲ್ಲಿ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ ಬೇಗ ಕರಗಿಹೋಗದಂತೆ ಅದು ತಡೆಯುತ್ತದೆ. ಅಪ್ಪನ ಸಿಟ್ಟು, ಅಲೆದಾಟ ಕೊಂಚ ತಗ್ಗಿತು. ನಾನು ಮಾತ್ರ ಅಮ್ಮಾವ್ರಾಗಿಯೇ ಉಳಿದೆ.

ಆ ಸಲದ ಕಾಫಿ ಕೊಯ್ಲಿನಲ್ಲಿ ಅಪ್ಪ ಹಳೇ ಅಭ್ಯಾಸದಿಂದ ಆಳುಗಳ ಹಿಂದೆ ತೋಟಕ್ಕಿಳಿದು, ಮೈತುಂಬ ಕೆಂಜಿಗದ ಇರುವೆ ಕಚ್ಚಿಸಿಕೊಂಡು ಬಂದರು. ಕೊಯ್ಲಿನ ಕಾಲದಲ್ಲಿ ಲೈನ್ ಮನೆಯ ಆಳುಗಳಿಗೆಲ್ಲ ಕೊಡುವ ತುರಿಕೆ ಮಾತ್ರೆಯನ್ನೇ ಅವರಿಗೂ ಕೊಟ್ಟೆ. ದಿನಕ್ಕೆ ಮೂರರಂತೆ ಎರಡು ದಿನ. ಔಷಧಿ ಮಾರಿ ಹೊಟ್ಟೆ ಹೊರೆಯುವ ನನಗೆ ಹೊಳೆಯಬೇಕಿತ್ತು, ಹೊಳೆಯಲಿಲ್ಲ.

ಮೂರನೆಯ ದಿನ ಬೆಳಿಗ್ಗೆ, ಅಂಗಡಿಗೆ ಹೊರಡುವ ಮೊದಲು ಗಂಜಿ ತಂದೆ. ಅಪ್ಪ ಜಗಲಿಯಲ್ಲಿ ಕೂತು, ಕಾಫಿ ಬೀಜದಿಂದ ಕಪ್ಪುಕಾಳು ಆರಿಸುವ ಹಾಗೆ ಗಾಳಿಯಲ್ಲಿ ಏನನ್ನೋ ಆರಿಸುತ್ತಿದ್ದರು. ಮುಖ ಕೆಂಪೇರಿತ್ತು, ತುಟಿ ಒಣಗಿತ್ತು. ಖಾಲಿ ಬೆಂಚಿನ ಕಡೆ ಏನೋ ಮಾತಾಡಿ ನನ್ನತ್ತ ತಿರುಗಿದರು.

"ಲಿಲ್ಲಿ, ನಿಮ್ಮಮ್ಮ ಬಂದವ್ಳೆ. ಕೈಲಿ ಜಪಸರ ಇಲ್ಲ. ನಿನ್ ತಾವ ಐತಂತಲ್ಲ. ಇರ್ಲಿ ಬಿಡು ಮಗಾ, ಅಂತವ್ಳೆ."

ಗಂಜಿ ನನ್ನ ಕಾಲ ಮೇಲೆ ಚೆಲ್ಲಿತು. ಅಮ್ಮನ ಶವಪೆಟ್ಟಿಗೆ ಮುಚ್ಚುವ ಮುನ್ನ, ಅಪ್ಪ ಅವಳ ಬೆರಳಿಗೆ ಸುತ್ತಿದ್ದ ಜಪಸರವನ್ನು ನಾನು ಬಿಚ್ಚಿ ಸೆರಗಿನಲ್ಲಿ ಅಡಗಿಸಿಕೊಂಡಿದ್ದೆ. ಅವಳ ಕೈ ಮುಟ್ಟಿದ್ದು ಏನಾದರೂ ನನಗೆ ಬೇಕಿತ್ತು. ಆಗ ಕೋಣೆಯಲ್ಲಿದ್ದವಳು ನಾನೊಬ್ಬಳೇ. ಪಾದ್ರಿಗಳ ಮುಂದೆ ಪಾಪನಿವೇದನೆ ಮಾಡುವಾಗಲೂ ಅದು ಬಾಯಿಗೆ ಬಂದಿರಲಿಲ್ಲ.

ಡಾಕ್ಟರು ಎರಡೂ ಮಾತ್ರೆ ನೋಡಿ ತಲೆಯಾಡಿಸಿದರು. ನೆನಪಿನ ಮಾತ್ರೆ ಉಳಿಸಿಕೊಡುವ ರಾಸಾಯನಿಕದ ಕೆಲಸವನ್ನೇ ತುರಿಕೆ ಮಾತ್ರೆ ತಡೆಯುತ್ತದೆ, ಅದಕ್ಕೇ ಈ ಸನ್ನಿ ಎಂದರು. ತುರಿಕೆ ಮಾತ್ರೆ ನಿಲ್ಲಿಸಿದೆ. ನಾಲ್ಕು ದಿನಕ್ಕೆ ಅಪ್ಪ ಸರಿಹೋದರು. ಗಂಜಿ ಒಯ್ದಾಗ ಎದ್ದು ಕೈಕಟ್ಟಿ ನಿಂತರು. ಅವರು ಗುಣವಾದರೆಂದು ನಾನು ಅತ್ತೆ.

ಸನ್ನಿ ಏಕೆ ಬಂತೆಂಬುದು ನನಗೆ ಅರ್ಥವಾಗಿದೆ. ಜಪಸರದ ವಿಷಯ ಅವರಿಗೆ ಹೇಗೆ ತಿಳಿಯಿತು, ನೆನಪು ಕೆಡಿಸುವ ಮಾತ್ರೆಯಿಂದ ನನ್ನ ಹೆಸರು ಹೇಗೆ ಬಂತು ಎಂಬುದು ಇವತ್ತಿಗೂ ಗೊತ್ತಿಲ್ಲ. ಆ ಮಾತ್ರೆಯ ಡಬ್ಬಿ ಅಂಗಡಿಯಲ್ಲಿ ನನ್ನ ಕೈಗೆಟಕುವಲ್ಲೇ ಇತ್ತು. ಇನ್ನೊಮ್ಮೆ ಕೊಟ್ಟರೆ ಲಿಲ್ಲಿ ಎನ್ನುತ್ತಾರೇನೋ ಎಂದು ಎಷ್ಟು ಸಲ ಕೈ ಚಾಚಿದೆನೋ ಲೆಕ್ಕವಿಲ್ಲ. ಕೊಡಲಿಲ್ಲ.

ಅಪ್ಪನ ಕೊನೆಯ ದಿನ ಚಮಚದಲ್ಲಿ ನೀರು ಕುಡಿಸಿದೆ. ಏಳಲು ನೋಡಿದರು, ಆಗಲಿಲ್ಲ.

"ನಿಮಗ್ಯಾಕೆ ತೊಂದ್ರೆ, ಅಮ್ಮಾವ್ರೇ" ಎಂದರು.