ಗಾಳಿಯಲ್ಲಿದ್ದ ಬೋಲ್ಟು

ಚಾವಣಿ ಏರುವ ಮುನ್ನ ಗುಡ್ಡಪ್ಪ ಒಳಗೆ ಹೋಗಿ ಕತ್ತೆತ್ತಿ ನಿಲ್ಲುತ್ತಾನೆ. ಶೀಟಿನ ಅಡಿಯಲ್ಲಿ ಅಡ್ಡ ಹಾಯ್ದ ಕಬ್ಬಿಣದ ಪೈಪುಗಳನ್ನು ಎಣಿಸುತ್ತಾನೆ. ಆಮೇಲೆ ಏಣಿಯ ತುದಿಯಲ್ಲಿ ನಿಂತು ಮೇಲಿನ ಬೋಲ್ಟಿನ ಸಾಲುಗಳನ್ನು ಎಣಿಸುತ್ತಾನೆ. ಎರಡೂ ಹೊಂದಿದರೆ ಮಾತ್ರ ಮುಂದಿನ ಮಾತು.

ಮೇಲವಂಕಿಯ ಗುಡ್ಡಪ್ಪನಿಗೆ ನಲವತ್ತೆಂಟು ವರ್ಷ. ಅದರಲ್ಲಿ ಅರ್ಧ ಸಿಮೆಂಟ್ ಶೀಟು ಹೊಚ್ಚುವುದರಲ್ಲೇ ಕಳೆದಿದೆ. ಈ ಕಸುಬಿನಲ್ಲಿ ಮೊದಲು ಕಲಿಸುವುದು ಬೋಲ್ಟಿನ ಮೇಲೆ ನಡೆಯುವುದನ್ನು. ಬೋಲ್ಟು ಇದ್ದಲ್ಲಿ ಕೆಳಗೆ ಪೈಪು ಇರುತ್ತದೆ. ಒಂದು ಗೇಣು ಆಚೀಚೆಯಾದರೂ ಹಳೆಯ ಶೀಟು ಹಪ್ಪಳದಂತೆ ಮುರಿಯುತ್ತದೆ.

ಆರು ವರ್ಷದ ಹಿಂದೆ ಘೋಡಗೇರಿಯ ದನದ ಕೊಟ್ಟಿಗೆಯ ಮೇಲೆ ಅವನು ಬೋಲ್ಟಿನ ಮೇಲೆಯೇ ಕಾಲಿಟ್ಟಿದ್ದ. ಅವು ಬೇರೆಲ್ಲಿಂದಲೋ ಕಿತ್ತು ತಂದ ಶೀಟುಗಳು. ಸೋರದಿರಲೆಂದು ಹಳೆಯ ತೂತುಗಳಿಗೂ ಬೋಲ್ಟು ಹಾಕಿ ಡಾಂಬರು ಮೆತ್ತಿದ್ದರು. ಆ ಬೋಲ್ಟಿನ ಕೆಳಗೆ ಪೈಪಿರಲಿಲ್ಲ. ಸೊಂಟ ಮುರಿದುಕೊಂಡು ಏಳು ತಿಂಗಳು ಮಲಗಿದ. ಮತ್ತೆ ಕೆಲಸಕ್ಕೆ ಹೊರಟ ದಿನ ಹೆಂಡತಿ ರಾಯವ್ವ ಬಾಗಿಲಿಗೆ ಅಡ್ಡ ನಿಂತಳು. "ಹಗ್ಗ ಕಟ್ಟಿಕೊಳ್ಳೂದಿದ್ರ ಹೋಗ್ರಿ. ಇಲ್ಲಾಂದ್ರ ಮನ್ಯಾಗ ಕುಂದರ್ರಿ."

ಅಂದಿನಿಂದ ಎದೆಗೂ ತೊಡೆಗೂ ಪಟ್ಟಿ ಬಿಗಿದು, ಅದರ ಹಗ್ಗವನ್ನು ಗಟ್ಟಿ ಕಂಬಕ್ಕೆ ಕಟ್ಟದೆ ಅವನು ಮೇಲೇರಿಲ್ಲ. ರಾಯವ್ವನ ತಮ್ಮ, ಜೊತೆ ಕೆಲಸಗಾರ ಲಖನನಿಗೆ ಅದೊಂದು ತಮಾಷೆ. ಎಮ್ಮೆ ಕಟ್ಟುವ ಹಗ್ಗಕ್ಕೆ ಈ ಕಡೆ ಕಣ್ಣಿ ಎನ್ನುತ್ತಾರೆ. "ಮಾವಾ, ಅಕ್ಕ ಕಣ್ಣಿ ಹಾಕಿ ಕಳಿಸ್ಯಾಳ. ಹಿಂಡೂ ಹೊತ್ತಿಗೆ ಮನಿ ಮುಟ್ರಿ ಮತ್ತ!"

ಈ ವರ್ಷ ಕಬ್ಬಿನ ಹಂಗಾಮಿನ ಮುಂಚೆ ಮೂಡಲಗಿ ಹತ್ತಿರ ದುಂಡಪ್ಪನ ಬೆಲ್ಲದ ಗಾಣದಲ್ಲಿ ಒಡೆದ ಶೀಟು ಬದಲಿಸುವ ಕೆಲಸ ಬಂತು. ಮರುದಿನವೇ ಒಲೆ ಹೊತ್ತಿಸಬೇಕೆಂದು ದುಂಡಪ್ಪ ಅವಸರ ಮಾಡುತ್ತಿದ್ದ. ಗುಡ್ಡಪ್ಪ ಒಳಗೆ ಪೈಪು ಎಣಿಸುತ್ತಿದ್ದಾಗಲೇ ಲಖನ ಬರಿಗಾಲಲ್ಲಿ ಮೇಲೇರಿಬಿಟ್ಟ.

ಮೂರನೇ ಪೈಪಿನ ಮೇಲೆ ಹೆಜ್ಜೆಯ ಸಪ್ಪಳ ಕೇಳಿಸಿತು. ಅದರಿಂದ ಒಂದು ಹೆಜ್ಜೆ ಮುಂದೆ, ಮಸಿ ಹಿಡಿದ ಶೀಟಿನಿಂದ ಬೋಲ್ಟಿನ ತುದಿಯೊಂದು ಸುಮ್ಮನೆ ಜೋತಾಡುತ್ತಿತ್ತು. ಕೆಳಗೆ ಏನೂ ಇರಲಿಲ್ಲ.

"ಲಖನಾ, ನಿಂತಲ್ಲೇ ಕುಂದರಲೇ!"

"ಬೋಲ್ಟಿನ ಮ್ಯಾಲ ಅದೀನ್ರಿ ಮಾವಾ, ಯಾಕ ಒದರ್ತೀರಿ?"

"ಮುಂದಿಂದು ಗಾಳ್ಯಾಗ ಐತಿ."

ಗುಡ್ಡಪ್ಪ ಮೂಲೆಯಲ್ಲಿದ್ದ ಬಿದಿರಿನ ಗಳ ಎತ್ತಿ ಆ ತುದಿಯನ್ನು ಮೇಲಕ್ಕೆ ಒತ್ತಿದ. ಲಖನನ ಹೆಬ್ಬೆರಳಿನ ಮುಂದೆಯೇ ಡಾಂಬರು ಬಿರಿದು ಬೋಲ್ಟಿನ ತಲೆ ಒಂದು ಅಂಗುಲ ಮೇಲೆದ್ದಿತು.

ಮೇಲೆ ಲಖನ ನಿಂತಲ್ಲೇ ಕುಕ್ಕರಿಸಿದ. "ನಮ್ಮಪ್ಪ ಹಳೀ ಶೀಟ ತಂದು ಹೊಚ್ಚಿದ್ದ ನೋಡು," ಎಂದು ದುಂಡಪ್ಪ ಗೊಣಗಿದ.

ಮೇಲಿನಿಂದ ಲಖನನ ದನಿ ಬಂತು. "ಮಾವಾ, ಆ ಕಣ್ಣಿ ಒಗೀರಿ."

ಇದ್ದದ್ದು ಒಂದೇ ಪಟ್ಟಿ. ಹಾಗಾಗಿ ಲಖನನೊಬ್ಬನೇ ಮೇಲೆ, ಗುಡ್ಡಪ್ಪ ಕೆಳಗೆ. ಗಳದಿಂದ ತಟ್ಟಿ ತೋರಿಸಿದಲ್ಲಷ್ಟೇ ಲಖನ ಕಾಲಿಟ್ಟ. ಕೆಲಸ ಮುಗಿಯಲು ಮೂರು ದಿನ ಬೇಕಾಯಿತು. ಅಲ್ಲಿಯವರೆಗೆ ದುಂಡಪ್ಪನ ಒಲೆ ಹೊತ್ತಲಿಲ್ಲ.

ನಾಲ್ಕನೇ ದಿನ ಇಬ್ಬರೂ ಗೋಕಾಕದ ಹಗ್ಗ-ಪಟ್ಟಿಯ ಅಂಗಡಿಗೆ ಹೋದರು. ಬಾಯಿರೂಢಿಯಲ್ಲಿ ಲಖನ, "ಒಂದು ಕಣ್ಣಿ ಕೊಡ್ರಿ," ಅಂದ.

"ಎಮ್ಮಿಗೋ, ಆಕಳಿಗೋ?" ಅಂಗಡಿಯವ ಕೇಳಿದ.

"ನನಗ್ರಿ."