ಊರು ತಪ್ಪಿ ನನ್ನ ಮದುವೆಗೆ ಬಂದ ಶಾಸಕರು

ಇಲ್ಲ... ಇದು ಸುಳ್ಳು ಸುದ್ದಿ ಇರಬೇಕು...
ಬೆಳಿಗ್ಗೆ ವಾಟ್ಸಾಪ್ ಗ್ರೂಪಿನಲ್ಲಿ ಫೋಟೋ ನೋಡಿದಾಗ ಹಾಗೇ ಅಂದುಕೊಂಡೆ.

ಹಿಂದೊಮ್ಮೆ ಯಾರೋ ಪುಣ್ಯಾತ್ಮರು ಇದೇ ಸುದ್ದಿ ಹಬ್ಬಿಸಿದ್ದರು.
ಆಗ ಸಾಹೇಬರೇ ಫೋನ್ ಮಾಡಿ, "ಇನ್ನಾ ಇದ್ದೀನಿ ತಂಗಿ, ಅಳೋದು ಬಿಟ್ಟು ಚಾ ಕುಡಿ" ಅಂದಿದ್ದರು.

ಇವತ್ತು ಮಧ್ಯಾಹ್ನದವರೆಗೆ ಫೋನ್ ಹಿಡಿದು ಕೂತಿದ್ದೆ...
ಬರಲಿಲ್ಲ.

ಹುಮನಾಬಾದ್ ಕಡೆಯ ಮಾಜಿ ಶಾಸಕರು, ನಮ್ಮ ಧೂಳಪ್ಪ ಸಾಹೇಬರು, ಇನ್ನಿಲ್ಲ.

ಅವರು ಮಾಡಿಸಿದ ರಸ್ತೆ, ಕೆರೆ, ಶಾಲೆ... ಅದನ್ನೆಲ್ಲ ದೊಡ್ಡವರು ಬರೆಯುತ್ತಾರೆ. ಬರೆಯಲಿ.
ನಾನು ನನ್ನ ಮದುವೆಯ ಕಥೆ ಬರೆಯುತ್ತೇನೆ.
ಅತ್ತುಕೊಂಡು ಓದಬೇಡಿ ಫ್ರೆಂಡ್ಸ್... ಅವರಿಗೆ ಹಿಡಿಸುತ್ತಿರಲಿಲ್ಲ.

ನನ್ನ ತವರು ಘಾಟಬೋರಾಳ, ಅವರದೇ ಕ್ಷೇತ್ರದ ಊರು.
ಅಪ್ಪ ಕುರಿ ಕಾಯುವವರು. ನನಗೆ ಅಣ್ಣ ತಮ್ಮಂದಿರಿಲ್ಲ.
ಮದುವೆಯ ದಿನ ರಸ್ತೆ ಪಕ್ಕದಲ್ಲೇ ಚಪ್ಪರ. ಗೋಧಿ ಹುಗ್ಗಿ ಕುದಿಯುತ್ತಿತ್ತು.
ವರನ ಸೋದರಮಾವ ಮಾತ್ರ ಚಪ್ಪರದ ಒಳಗೇ ಬರಲೊಲ್ಲರು.
ಬಸವಕಲ್ಯಾಣದಲ್ಲಿ ಅಂಗಡಿ ಇಟ್ಟಿದ್ದವರು, ಬಿಗುಮಾನ ಜಾಸ್ತಿ.

"ಎದುರುಗೊಳ್ಳಾಕ ಒಬ್ಬ ದೊಡ್ಡ ಮನಷ್ಯಾ ಇಲ್ಲ. ನಿಮ್ಮ ಕಡಿ ಎಲ್ಲಾ ಕುರಿ ಕಾಯೋರೇ ಏನ್ರಿ? ನಮ್ಮ ಹುಡುಗನ್ನ ಕರಕೊಂಡು ಹೋಗ್ತೀವಿ, ನಡೀರಿ."

ಅಪ್ಪ ರುಮಾಲು ತೆಗೆದು ಕೈಯಲ್ಲಿ ಹಿಡಿದು ನಿಂತುಬಿಟ್ಟರು.
ನಾನು ಬಾಸಿಂಗ ಕಟ್ಟಿಕೊಂಡು ಕಿಟಕಿಯಿಂದ ನೋಡುತ್ತಿದ್ದೆ...
ಮದುವೆ ಮುರಿಯಿತು ಅಂತಲೇ ಅಂದುಕೊಂಡೆ.

ಸಾಹೇಬರೇ... ಆ ಹೊತ್ತಿಗೆ ಬಂದಿರಿ ನೀವು.
ಬಿಳಿ ಅಂಗಿ, ಬಿಳಿ ಧೋತರ...
ಕಾರಿನಿಂದ ಇಳಿದವರೇ ಸೀದಾ ಮುನಿದ ಮಾವನ ಹೆಗಲ ಮೇಲೆ ಕೈ ಹಾಕಿದಿರಿ.

"ಯಾಕ್ರಿ ಬೀಗ್ರ, ಬಿಸಲಾಗ ಕುಂತೀರಿ? ನಾ ಹೆಣ್ಣಿನ ಕಡಿಯಾಂವ, ಬರೋದು ಜರಾ ತಡಾ ಆತು. ಮಾಫ್ ಮಾಡ್ರಿ. ಏಳ್ರಿ, ಹೊಟ್ಟಿ ಹಸಿದದ."

ಮಾವ ಹೇಗೆ ಎದ್ದರು ಅಂತೀರಿ... ಟೊಪ್ಪಿಗೆ ಸರಿಮಾಡಿಕೊಂಡು ಎಲ್ಲರಿಗಿಂತ ಮುಂದೆ ನಡೆದರು. ಅಕ್ಷತೆ ಮೊದಲು ಎಸೆದವರೂ ಅವರೇ.

ಅಕ್ಷತೆ ಬಿದ್ದ ಮೇಲೆ ನೀವು ಅಪ್ಪನ ಕಿವಿಯಲ್ಲಿ ಕೇಳಿದಿರಂತೆ.
"ಗೌಡ್ರ ಮನೀ ಮದ್ವಿ ಅಲ್ಲೇನ್ರಿ ಇದು? ಯಾವೂರಿದು?"
"ಘಾಟಬೋರಾಳರಿ ಸಾಹೇಬ್ರ. ಗೌಡ್ರ ಮದ್ವಿ ಮುಂದಿನ ಊರಾಗ..."
"ಅರೆ, ಗಲತಿ ಆತಲ್ಲ. ಇರ್ಲಿ, ಯಾರ ಮುಂದೂ ಹೇಳಬ್ಯಾಡ್ರಿ. ಹುಗ್ಗಿ ಹಾಕಸ್ರಿ."

ಅಲ್ಲಿ ಗೌಡರು ಹಾರ ಹಿಡಿದು ಕಾಯುತ್ತಿದ್ದರು... ನೀವು ಇಲ್ಲಿ ಎರಡನೇ ಸಲ ಹುಗ್ಗಿ ಹಾಕಿಸಿಕೊಂಡಿರಿ.

ಅಪ್ಪನ ಬಾಯಲ್ಲಿ ನಿಲ್ಲಲಿಲ್ಲ, ಈ ಕಥೆ ಊರೂರು ತಿರುಗಿತು.
ಮುಂದಿನ ಎಲೆಕ್ಷನ್ನಿನಲ್ಲಿ ಎದುರು ಪಾರ್ಟಿಯವರು ಮೈಕ್ ಹಿಡಿದು, ತನ್ನ ಕ್ಷೇತ್ರದ ಊರೇ ಗೊತ್ತಿಲ್ಲದ ಶಾಸಕ ಅಂತ ಆಡಿಕೊಂಡರು.
ನೀವು ನಿಮ್ಮ ಸ್ಟೇಜಿನಿಂದಲೇ, "ಖರೇ ಅದರಿ, ಆದ್ರ ಹುಗ್ಗಿ ಭಾರಿ ಇತ್ತು" ಅಂದಿರಿ.
ಜನ ಬಿದ್ದು ಬಿದ್ದು ನಕ್ಕರು.

ನಾನು ಸೊಸೆಯಾಗಿ ಬಂದದ್ದು ಕೊಹಿನೂರಿಗೆ, ಬಸವಕಲ್ಯಾಣ ತಾಲೂಕು. ನನ್ನ ಓಟು ನಿಮಗೆ ಬೀಳುವುದೇ ಇಲ್ಲ.
ಆದರೂ ನನ್ನ ಚೊಚ್ಚಲ ಬಸುರಿನ ಕುಬಸಕ್ಕೆ ಹಸಿರು ಸೀರೆ, ಬಳೆ ತಗೊಂಡು ಬಂದಿರಿ.
ಯಾರೋ ಕೇಳಿದರು, "ಸಾಹೇಬ್ರ, ಇದು ನಿಮ್ಮ ಕ್ಷೇತ್ರ ಅಲ್ಲಲ್ರಿ?"
"ಇಲ್ಲಿ ನಾ ಎಮ್ಮೆಲ್ಲೆ ಅಲ್ಲಪಾ. ಹೆಣ್ಣಿನ ಕಡಿಯಾಂವ."
ಅಪ್ಪ ಹೋದ ಮೇಲೂ ಪಂಚಮಿಗೆ ಸೀರೆ ತಪ್ಪಲಿಲ್ಲ. ನನಗೆ ತವರು ಅಂದರೆ ನೀವೇ ಆದಿರಿ ಅಣ್ಣಾ...

ಇವತ್ತು ಸಂಜೆ ಹುಮನಾಬಾದಿಗೆ ಹೋಗಿದ್ದೆ.
ಅಂಗಳದ ತುಂಬ ಜನ. ವೈನಿಯವರ, ಅಂದರೆ ಸಾಹೇಬರ ಮನೆಯವರ, ಪಕ್ಕದಲ್ಲಿ ಕೂತೆ.
ಏನು ಹೇಳಬೇಕೋ ತಿಳಿಯದೆ ಅದನ್ನೇ ಅಂದೆ... "ವೈನಿ, ಅವತ್ತು ಸಾಹೇಬ್ರು ಊರು ತಪ್ಪದಿದ್ರ ನನ್ನ ಗತಿ ಏನಾಗ್ತಿತ್ತು?"

ವೈನಿ ಕಣ್ಣೊರೆಸಿಕೊಂಡು ನನ್ನ ಮುಖ ನೋಡಿದರು. ನಕ್ಕುಬಿಟ್ಟರು.

"ಎಲ್ಲಿ ತಪ್ಪಿದ್ರು ತಂಗಿ? ಆ ಹಾದಿ ಅವರಿಗಿ ಕಣ್ಣ ಮುಚ್ಚಿದ್ರೂ ಗೊತ್ತಿತ್ತು. ನಾ ಕಾರಿನ್ಯಾಗೇ ಕುಂತಿದ್ದೆ. ನಿಮ್ಮಪ್ಪ ರುಮಾಲು ಕೈಯಾಗ ಹಿಡಕೊಂಡು ನಿಂತದ್ದು ನೋಡಿ ಗಾಡಿ ನಿಲ್ಲಿಸಿದ್ರು."

ಆಮೇಲೆ ಸಾಹೇಬರ ದನಿಯಲ್ಲೇ ಹೇಳಿದರು.
"'ನೋಡಿ ಬಂದೆ ಅಂದ್ರ ಅವರ ಮಾನ ಹೋಗ್ತದ. ತಪ್ಪಿ ಬಂದೆ ಅಂದ್ರ ನಂದು ಹೋಗ್ತದ. ನಂದು ಹೋಗ್ಲಿ ಬಿಡು.'"

...

ಇಷ್ಟು ವರ್ಷ ಎಲ್ಲರ ಕೈಲಿ ಆಡಿಸಿಕೊಂಡಿರಲ್ಲ ಅಣ್ಣಾ... ಎಲೆಕ್ಷನ್ನಿನಲ್ಲಿ ಕೂಡ ಬಾಯಿ ಬಿಡಲಿಲ್ಲ.
ಅಪ್ಪ ಸಾಯುವವರೆಗೂ "ಸಾಹೇಬ್ರಿಗಿ ಊರಾ ತಿಳೀಲಿಲ್ಲ ನೋಡು" ಅಂತ ನಗುತ್ತಿದ್ದರು. ಎಷ್ಟು ಹಗುರಾಗಿ ನಗುತ್ತಿದ್ದರು...
ಆ ನಗು ನೀವು ಕೊಟ್ಟದ್ದು ಅಂತ ಇವತ್ತು ಗೊತ್ತಾಯಿತು.

ನಾನೂ ವೈನಿಯೂ ಸೆರಗು ಬಾಯಿಗೆ ಹಿಡಿದು ನಕ್ಕೆವು. ಸತ್ತ ಮನೆಯಲ್ಲಿ ನಗುತ್ತಾರೆ ಅಂತ ನಾಲ್ಕು ಜನ ತಿರುಗಿ ನೋಡಿದರು.
ನೋಡಲಿ.

ಹೋಗಿ ಬನ್ನಿ ಅಣ್ಣಾ...
ಮೇಲೆ ಅಪ್ಪ ಎದುರು ಬರುತ್ತಾರೆ. ಯಾವೂರಿದು ಅಂತ ಕೇಳಿ. ಅವರಿಗೆ ಮಾತ್ರ ನಿಜ ಹೇಳಬೇಡಿ.
ನಿಮ್ಮ ಜೀವ ತಣ್ಣಗಿರಲಿ.

ನಿಮ್ಮ ತಂಗಿ,
ಕೊಹಿನೂರ
🙏